ಹಳೆಯ ರೈಲು ಬೆಂಚುಗಳ ಹೊಸ ಪ್ರತಿಗಳು: ಒಂದು ವಿಮರ್ಶೆ

ಹಳೆಯ ವಸ್ತುವಿನ ಹೊಸ ಪ್ರತಿಯನ್ನು ಕಂಡೊಡನೆ ‘ಇದು ನಕಲು’ ಎಂದು ಮೂಗು ಮುರಿಯುವುದು ಸುಲಭ. ಆದರೆ ಅದು ವಿಮರ್ಶೆಯೆನಿಸದು. ಪ್ರತಿಯು ಯಾವುದನ್ನು ಉಳಿಸಿತು, ಯಾವುದನ್ನು ಕಳೆಯಿತು, ಯಾವುದನ್ನು ಮರೆಮಾಚಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿದ ಮೇಲೆಯೇ ತೀರ್ಪು ಹೇಳತಕ್ಕದ್ದು. ಇಂಗ್ಲೆಂಡಿನಲ್ಲಿ ರೈಲು ಅಭಿಮಾನಿಗಳಿಗೆಂದು ತಯಾರಾಗುವ ಹಳೆಯ ಮಾದರಿಯ ನಿಲ್ದಾಣದ ಬೆಂಚುಗಳನ್ನು ಈ ಪ್ರಶ್ನೆಗಳ ಒರೆಗೆ ಹಚ್ಚಿ ನೋಡೋಣ.

ಮೊದಲು ಮೂಲದ ಮಾತು. 1948ರಲ್ಲಿ ರಾಷ್ಟ್ರೀಕರಣವಾಗುವ ತನಕ ಅಲ್ಲಿಯ ರೈಲುದಾರಿಗಳು ಬೇರೆ ಬೇರೆ ಕಂಪೆನಿಗಳ ಸೊತ್ತಾಗಿದ್ದುವು. ಎರಡು ಪಕ್ಕಗಳಲ್ಲಿ ಬೀಡುಕಬ್ಬಿಣದ ಎರಕ, ನಡುವೆ ಮರದ ಪಟ್ಟಿಗಳು. ರಚನೆ ಇಷ್ಟೇ ಆದರೂ ಕಂಪೆನಿಗಳು ಈ ಎರಕದಲ್ಲಿ ತಮ್ಮ ಗುರುತನ್ನು ಮೂಡಿಸುತ್ತಿದ್ದುವು. ಫರ್ನೆಸ್ ರೈಲ್ವೆಯ ಬೆಂಚಿನ ಪಕ್ಕದಲ್ಲಿ ದ್ರಾಕ್ಷಿ ತಿನ್ನುವ ಅಳಿಲು ಕುಳಿತಿದೆ. ಗ್ರೇಟ್ ವೆಸ್ಟರ್ನ್ ರೈಲ್ವೆಯು ತನ್ನ ಹೆಸರಿನ ಮೂರು ಅಕ್ಷರಗಳನ್ನು ಹೆಣೆದು ಕೂರಿಸಿತು. 1934ರಲ್ಲಿ ಅವನ್ನೇ ದುಂಡು ಮುದ್ರೆಯಾಗಿ ಬದಲಿಸಿದಾಗ ಜನರು ಅದನ್ನು ‘ಅಂಗಿಯ ಗುಂಡಿ’ ಎಂದು ಕರೆದರು. ಹೀಗೆ ಬೆಂಚು ಆಸನವೂ ಆಯಿತು, ಓದಬಲ್ಲವರಿಗೆ ಶಾಸನವೂ ಆಯಿತು.

ಪ್ರತಿಯು ಉಳಿಸಿದ್ದೇನು? 1963ರ ಬೀಚಿಂಗ್ ವರದಿಯ ತರುವಾಯ ನೂರಾರು ನಿಲ್ದಾಣಗಳು ಮುಚ್ಚಿದುವು. ಹಲವು ಹಳೆಯ ದಾರಿಗಳನ್ನು ಅಭಿಮಾನಿಗಳೇ ಮುಂದೆ ಬಂದು ಉಳಿಸಿಕೊಂಡರು. ಅದಕ್ಕೂ ಮೊದಲೇ, 1960ರಲ್ಲಿ, ಸಸೆಕ್ಸಿನ ಬ್ಲೂಬೆಲ್ ರೈಲ್ವೆ ಅಭಿಮಾನಿಗಳ ಕೈಯಲ್ಲಿ ಆರಂಭವಾಗಿತ್ತು. ಅದರ ನಿಲ್ದಾಣಗಳಲ್ಲಿ ಶೆಫೀಲ್ಡ್ ಪಾರ್ಕ್ ವಿಕ್ಟೋರಿಯಾ ರಾಣಿಯ ಕಾಲವನ್ನೂ, ಹಾರ್ಸ್‌ಟೆಡ್ ಕೀನ್ಸ್ 1930ರ ದಶಕವನ್ನೂ, ಕಿಂಗ್ಸ್‌ಕೋಟ್ 1950ರ ದಶಕವನ್ನೂ ತೋರಿಸುವಂತೆ ಸಜ್ಜುಗೊಂಡಿವೆ. ಇಂತಹ ಕಡೆ ಕಾಲಕ್ಕೊಪ್ಪುವ ಬೆಂಚು ಬೇಕು, ಮೂಲಗಳಾದರೋ ವಿರಳ. ಒಳ್ಳೆಯ ಪ್ರತಿಯು ಮಳೆಬಿಸಿಲನ್ನು ತಾನು ಸಹಿಸಿ ಮೂಲವನ್ನು ಸೂರಿನಡಿ ಇರಗೊಡುವುದು. ಇದು ಸಣ್ಣ ಸೇವೆಯಲ್ಲ. ಆದರೆ ದುಂಡು ಮುದ್ರೆಯ ಬೆಂಚನ್ನು ವಿಕ್ಟೋರಿಯಾ ಕಾಲದ ಅಂಗಳದಲ್ಲಿರಿಸಿದರೆ ಆ ಸೇವೆಯೇ ಸುಳ್ಳಾಗುತ್ತದೆ. ಪ್ರತಿ ಮಾಡುವವನಿಗೆ ಕೈಚಳಕದಷ್ಟೇ ಇತಿಹಾಸಜ್ಞಾನವೂ ಬೇಕು.

ಕಳೆದದ್ದೇನು? ಇದನ್ನು ಅಳತೆಗೋಲು ಹೇಳುತ್ತದೆ. ಕರಗಿದ ಬೀಡುಕಬ್ಬಿಣವು ಅಚ್ಚಿನಲ್ಲಿ ಆರುವಾಗ ನೂರಕ್ಕೆ ಸುಮಾರು 1 ಭಾಗ ಕುಗ್ಗುತ್ತದೆ. ಆದುದರಿಂದ ಹಿಂದಿನ ಕುಶಲಿಗಳು ಮರದ ಮಾದರಿಯನ್ನೇ ತುಸು ಹಿರಿದಾಗಿ ಕಡೆಯುತ್ತಿದ್ದರು. ಈಗ ಹಳೆಯ ಬೆಂಚನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದರೆ, 3 ಅಡಿಯ ಪಕ್ಕವು ಅಂಗುಲದ ಮೂರನೆಯ ಒಂದು ಭಾಗದಷ್ಟು ಕಿರಿದಾಗುತ್ತದೆ. ಬಣ್ಣದ ಪದರಗಳಲ್ಲಿ ಹೂತ ಅಕ್ಷರಗಳ ಅಂಚು ಇನ್ನಷ್ಟು ಮಂಕಾಗುತ್ತದೆ. ಅಲ್ಯೂಮಿನಿಯಮ್ ಎರಕವಾದರೆ ಕುಗ್ಗುವಿಕೆ ಇನ್ನೂ ಹೆಚ್ಚು. ತೂಕವು ಅದೇ ಗಾತ್ರದ ಕಬ್ಬಿಣದ ಅರ್ಧಕ್ಕೂ ಕಡಿಮೆ. ಅದು ತುಕ್ಕು ಹಿಡಿಯದೆಂಬ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಮಾದರಿಯನ್ನು ಹೊಸದಾಗಿ ಕಡೆದು ಕಬ್ಬಿಣದಲ್ಲಿ ಎರೆದ ಪ್ರತಿಗೇ ನಮ್ಮ ಮೊದಲ ಮನ್ನಣೆ.

ಮೂರನೆಯದೇ ಎಲ್ಲಕ್ಕಿಂತ ಗುರುತರವಾದುದು. ಹೊಸ ಎರಕಕ್ಕೆ ತುಕ್ಕಿನ ಬಣ್ಣ ಹಚ್ಚಿ, ಮೂಲದ ಮುದ್ರೆಯನ್ನು ಮಾತ್ರ ಉಳಿಸಿ, ತನ್ನ ಹುಟ್ಟನ್ನು ಅಡಗಿಸುವ ಬೆಂಚು ಎಷ್ಟು ಅಂದವಾಗಿದ್ದರೂ ಅಪರಾಧಿಯೇ. ಮುಂದೆ ಅದನ್ನು ನೋಡಿ ಇತಿಹಾಸ ಬರೆಯುವವನನ್ನು ಅದು ದಾರಿ ತಪ್ಪಿಸುತ್ತದೆ. ನಮ್ಮ ಓಲೆಗರಿಯ ಲಿಪಿಕಾರರಲ್ಲಿ ಅನೇಕರು ಕವಿಯ ಕಾವ್ಯವನ್ನು ಪ್ರತಿಮಾಡಿ ಮುಗಿಸಿದ ಮೇಲೆ ಸಂವತ್ಸರ, ಮಾಸ, ತಿಥಿಗಳೊಡನೆ ತಮ್ಮ ಹೆಸರನ್ನೂ ಬರೆದಿಡುತ್ತಿದ್ದರು. ಕಾವ್ಯ ಕವಿಯದು, ಬರೆಹ ತಮ್ಮದು ಎಂಬ ವಿವೇಕ ಅವರಿಗಿತ್ತು. ಪ್ರತಿಯ ಗೌರವ ಇರುವುದು ಅಲ್ಲಿಯೇ.

ಬೆಂಚಿನ ಒಳಮೈಯಲ್ಲಿ, ಕಣ್ಣಿಗೆ ಒಡನೆ ಬೀಳದಂತಾದರೂ, ಎರಕದ ಮನೆಯ ಹೆಸರೂ ಇಸವಿಯೂ ಮೂಡಿರಲಿ. ಅಳಿಲಿನ ಅಂದ ಅದರಿಂದ ಕೆಡದು, ಕುಳಿತವನ ನೆಮ್ಮದಿಯೂ ಕುಂದದು. ನೂರು ವರ್ಷಗಳ ತರುವಾಯ ಆ ಬೆಂಚೂ ಹಳೆಯದಾಗುವುದು. ಆಗ ತನ್ನ ನಿಜವಾದ ವಯಸ್ಸನ್ನು ಹೇಳಿಕೊಳ್ಳಲು ಅದಕ್ಕೆ ನಾಚಿಕೆಯಿರದು.