ಸೆಲ್‌ಬೋರ್ನಿನ ಎಂಟು ಜೋಡಿ ಹಕ್ಕಿ

ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿ ಸೆಲ್‌ಬೋರ್ನ್ ಎಂಬುದೊಂದು ಹಳ್ಳಿ. ಅಲ್ಲಿನ ಹಳೆಯ ಚರ್ಚಿನಲ್ಲಿ ಉಪಪಾದ್ರಿಯಾಗಿದ್ದ ಗಿಲ್ಬರ್ಟ್ ವೈಟ್ ಮಹಾಶಯರು ಆ ಊರಿನ ನಿಸರ್ಗವನ್ನೂ ಪ್ರಾಚೀನತೆಯನ್ನೂ ಕುರಿತು ಬರೆದ ಗ್ರಂಥ 1789ರಲ್ಲಿ ಹೊರಬಂದಿತು. ಚರ್ಚು-ಮಠಗಳ ಇತಿಹಾಸದ ಭಾಗ ದಾಖಲೆಗಳ ಕಂತೆ; ಅನೇಕ ಮುದ್ರಣಗಳು ಅದನ್ನು ಕೈಬಿಟ್ಟಿವೆ, ನಷ್ಟವೇನಿಲ್ಲ. ಚರ್ಚು ಜೀವ ತಳೆಯುವುದು ಪತ್ರಗಳ ಭಾಗದಲ್ಲಿ. ಸ್ವಿಫ್ಟ್ ಎಂಬ ಹಕ್ಕಿ ಊರಿನಲ್ಲಿ ಎಂಟು ಜೋಡಿ. ಅರ್ಧದಷ್ಟು ಚರ್ಚಿನಲ್ಲಿ ಗೂಡು ಕಟ್ಟಿದರೆ ಉಳಿದವು ತೀರ ಬಡವರ ಹುಲ್ಲುಗುಡಿಸಲುಗಳಲ್ಲಿ. ದೇವರ ಮನೆಯನ್ನೂ ಬಡವರ ಮನೆಯನ್ನೂ ಒಂದೇ ಸಾಲಿಗೆ ತರುವ ಈ ಮಾತಿಗಿರುವ ಬಲ ಎಷ್ಟು ಉಪದೇಶಗಳಿಗೆ ಇದ್ದೀತು?

ಮನುಷ್ಯರ ವಿಷಯದಲ್ಲಿ ಮಾತ್ರ ಗ್ರಂಥಕರ್ತರ ಕೈ ಬಿಗಿ. ಚರ್ಚಿಗೆ ಸೇರಿದ ಊರು-ಕೇರಿಗಳಲ್ಲಿ 676 ಜನ ಎಂದು ಎಣಿಸಿ ಮುಂದೆ ನಡೆದುಬಿಡುತ್ತಾರೆ. ಜೇನುನೊಣಗಳನ್ನು ಬರಿಗೈಯಲ್ಲಿ ಹಿಡಿಯುತ್ತಿದ್ದ ಬುದ್ಧಿಮಾಂದ್ಯ ಹುಡುಗನೊಬ್ಬ ಕಣ್ಣಿಗೆ ಕಟ್ಟುತ್ತಾನೆ, ನಿಜ. ಆದರೆ ಅವನಿಗೆ ಹೆಸರಿಲ್ಲ. ಅಡುಗೆಯ ಹಂದಿಕೊಬ್ಬನ್ನು ಉಳಿಸಿಟ್ಟು ಜೊಂಡಿನ ಬತ್ತಿಗೆ ಸವರುವ ಕೂಲಿಯವನ ಹೆಂಡತಿಗೂ ಇಲ್ಲ. ಒಂದು ಫಾರ್ದಿಂಗ್ ಕಾಸಿಗೆ ಐದೂವರೆ ಗಂಟೆ ಬೆಳಕು ಎಂಬ ಲೆಕ್ಕವೇನೋ ಕರಾರುವಾಕ್ಕಾಗಿದೆ. ಆ ಬೆಳಕಿನಲ್ಲಿ ಕುಳಿತು ಆಕೆ ಏನು ಹೊಲಿದಳು, ಯಾರ ದಾರಿ ಕಾದಳು ಎಂಬುದನ್ನು ಪಾದ್ರಿಗಳು ಕೇಳಿದಂತೆ ಕಾಣುವುದಿಲ್ಲ.