ಸಿಯಾಲ್–ಸೈಮಾ: ಅರ್ಧಕ್ಕೆ ನಿಂತ ಪಾಠ

ಶಾಲೆಯ ಭೂಗೋಳ ಪಾಠ ಭೂಕವಚವನ್ನು ಎರಡೇ ಹೆಸರಿನಲ್ಲಿ ಮುಗಿಸಿಬಿಡುತ್ತದೆ: ಖಂಡಗಳದು ಸಿಲಿಕಾ, ಅಲ್ಯುಮಿನಾ ಕೂಡಿದ ಹಗುರ ಸಿಯಾಲ್, ಸಾಗರತಳದ್ದು ಸಿಲಿಕಾ, ಮೆಗ್ನೀಷಿಯಂ ಕೂಡಿದ ಭಾರದ ಸೈಮಾ. ಆಸ್ಟ್ರಿಯಾದ ಎಡ್ವರ್ಡ್ ಸ್ಯೂಸ್ ನೂರು ವರ್ಷಕ್ಕೂ ಹಿಂದೆ ಹಾಕಿಕೊಟ್ಟ ಈ ವಿಂಗಡಣೆ ಕಲ್ಲಿನ ಸಂಯೋಜನೆಯ ಮಟ್ಟಿಗೆ ಇವತ್ತಿಗೂ ಸುಳ್ಳಲ್ಲ. ಈ ಎರಡೂ ಬಗೆಯ ಕಲ್ಲನ್ನು ನೋಡಲು ಕೊಪ್ಪಳ ಜಿಲ್ಲೆಯವರು ಸಮುದ್ರದವರೆಗೆ ಹೋಗಬೇಕಿಲ್ಲ. ಗಂಗಾವತಿ ಬಳಿಯ ಆನೆಗೊಂದಿ ಗುಡ್ಡಗಳದು ಸುಮಾರು 250 ಕೋಟಿ ವರ್ಷದ ಗ್ರಾನೈಟ್. ಹೊಸದಾಗಿ ಒಡೆದ ಮುಖದಲ್ಲಿ ಫೆಲ್ಡ್‌ಸ್ಪಾರ್ ಹರಳು, ಅವುಗಳ ಸಂದಿನಲ್ಲಿ ಗಾಜಿನಂಥ ಬೆಣಚು, ಅಲ್ಲಲ್ಲಿ ಕಪ್ಪು ಅಭ್ರಕ ಕಾಣುತ್ತವೆ. ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ ಆಸುಪಾಸು. ಹುನಗುಂದದಿಂದ ಕುಷ್ಟಗಿಯತ್ತ ಹಾಯ್ದಿರುವ ಹಸಿರುಶಿಲೆಯ ಪಟ್ಟಿಯಲ್ಲಿ ಸಿಗುವ ರೂಪಾಂತರಗೊಂಡ ಬಸಾಲ್ಟ್ ಕಪ್ಪು ಮಿಶ್ರಿತ ಹಸಿರು, ಕಣ ನುಣುಪು. ಕಬ್ಬಿಣ, ಮೆಗ್ನೀಷಿಯಂ ಹೆಚ್ಚಿರುವುದರಿಂದ ಸಾಂದ್ರತೆ 3 ಗ್ರಾಂ ಹತ್ತಿರಕ್ಕೆ ಹೋಗುತ್ತದೆ. ಸಾಗರ ಕವಚವೂ ಹೀಗೆಯೇ: ಸುಮಾರು 7 ಕಿಲೋಮೀಟರ್ ದಪ್ಪ, ಮೇಲೆ ಬಸಾಲ್ಟ್, ಅಡಿಯಲ್ಲಿ ಅದೇ ಶಿಲಾರಸ ನಿಧಾನವಾಗಿ ತಣಿದು ಆದ ಗ್ಯಾಬ್ರೋ, ಸರಾಸರಿ ಸಾಂದ್ರತೆ 2.9.

ತಕರಾರು ಇರುವುದು ಮುಂದಿನ ಸಾಲಿಗೆ. ಸಾಗರ ಕವಚ ಭಾರ, ಆದ್ದರಿಂದ ಖಂಡದ ಕೆಳಗೆ ಮುಳುಗುತ್ತದೆ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಆದರೆ ಆ ಕವಚದ ಕೆಳಗಿನ ಮ್ಯಾಂಟಲ್‌ನ ಸಾಂದ್ರತೆ 3.3. ಅಂದಮೇಲೆ 2.9ರ ಕವಚ ತೇಲಬೇಕೇ ಹೊರತು ಮುಳುಗಬಾರದು! ಬಿಡಿಸಿ ಹೇಳಬೇಕಾದದ್ದು ಶಾಖದ ಕತೆ. ಸಾಗರದ ನಡುವಣ ಏಣಿನಲ್ಲಿ ಹುಟ್ಟಿದ ತಳ ದೂರ ಸರಿದಂತೆ ತಣಿಯುತ್ತದೆ. ಅದಕ್ಕಂಟಿದ ಮ್ಯಾಂಟಲ್ ಪದರವೂ ತಣಿದು, ದಪ್ಪಗಾಗಿ, ಕುಗ್ಗಿ, ಇಡೀ ಫಲಕ ತನ್ನಡಿಯ ಬಿಸಿ ಮ್ಯಾಂಟಲ್‌ಗಿಂತ ತುಸು ಭಾರವಾಗುತ್ತದೆ. ಆಳಕ್ಕಿಳಿದ ಬಸಾಲ್ಟ್ ಒತ್ತಡಕ್ಕೆ ಸಿಕ್ಕಿ ಗಾರ್ನೆಟ್ ತುಂಬಿದ ಎಕ್ಲೋಗೈಟ್ ಆಗಿ 3.5ರ ಹತ್ತಿರ ತೂಗುತ್ತದೆ. ಸಂಯೋಜನೆ ಅದೇ, ಸಾಂದ್ರತೆ ಬೇರೆ. 20 ಕೋಟಿ ವರ್ಷಕ್ಕಿಂತ ಹಳೆಯ ಸಾಗರತಳ ಹೆಚ್ಚುಕಡಿಮೆ ಉಳಿದಿಲ್ಲದಿರುವುದು ಇದರಿಂದಲೇ.

ಮಕ್ಕಳಿಗೆ ಇಷ್ಟೆಲ್ಲ ಯಾಕೆ ಎನ್ನಬಹುದು. ಕಾಯಿಸಿದ್ದು ಹಿಗ್ಗುತ್ತದೆ, ತಣಿದದ್ದು ಕುಗ್ಗುತ್ತದೆ ಎಂಬುದನ್ನು ವಿಜ್ಞಾನದ ಪುಸ್ತಕ ಹೇಗೂ ಕಲಿಸಿರುತ್ತದೆ. ಭೂಗೋಳದ ಮೇಷ್ಟ್ರು ಅದನ್ನು ಎರವಲು ತಂದರೆ ಸಾಕು. ಒಂದು ಕಿಲೋ ಗ್ರಾನೈಟನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ನೀರಿನಲ್ಲಿಳಿಸಿದರೆ ಸುಮಾರು 370 ಗ್ರಾಂ ಕಡಿಮೆ ತೋರಿಸುತ್ತದೆ, ಕುಷ್ಟಗಿಯ ಕರಿಕಲ್ಲು ಸುಮಾರು 335. ಲೆಕ್ಕ ತರಗತಿಯಲ್ಲೇ ಆಗುತ್ತದೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಬಸಾಲ್ಟ್ ಮುಳುಗುವುದೇ ಆದರೆ ಕುಷ್ಟಗಿಯದು ನೆಲದ ಮೇಲೆ ಹೇಗೆ ಉಳಿಯಿತು? ಭಾರವೊಂದನ್ನೇ ಕಾರಣ ಮಾಡುವ ಪಾಠದ ಬಳಿ ಇದಕ್ಕೆ ಉತ್ತರವಿಲ್ಲ. ಶಾಖದ ಪಾಠದ ಬಳಿ ಇದೆ. ದಪ್ಪನೆಯ, ಇನ್ನೂ ಬಿಸಿಯಾಗಿರುವ ಬಸಾಲ್ಟ್ ಸುಲಭಕ್ಕೆ ಇಳಿಯುವುದಿಲ್ಲ, ಆಮೇಲೆ ಸುತ್ತ ಏರಿಬಂದ ಗ್ರಾನೈಟ್ ಅದನ್ನು ಹಿಡಿದಿಟ್ಟಿತು. ಹಾಗೆಂದು ಆ ಕಲ್ಲನ್ನು ಸಾಗರ ಕವಚದ ತುಂಡು ಎಂದು ಘೋಷಿಸುವುದೂ ಆತುರವೇ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಲಾವಾ (ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ) ಕೂಡ ಸಾಬೀತು ಮಾಡುವುದು ಲಾವಾ ನೀರಿನಡಿ ಉಕ್ಕಿತ್ತು ಎಂಬುದನ್ನು ಮಾತ್ರ; ಆ ನೀರಿನ ಕೆಳಗಿದ್ದದ್ದು ಖಂಡವೋ ಸಾಗರ ಕವಚವೋ ಎಂಬುದನ್ನಲ್ಲ.