ನರಿಗೆ ಏನು ಶಿಕ್ಷೆಯಾಯಿತು?

ಕಾಗೆ ಮತ್ತು ನರಿಯ ಕತೆಯನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೊಂಬೆಯ ಮೇಲೆ ಕಾಗೆ, ಅದರ ಕೊಕ್ಕಿನಲ್ಲಿ ಒಂದು ತುಂಡು, ಕೆಳಗೆ ಹಸಿದ ನರಿ. ನರಿ ಕಾಗೆಯ ರೂಪವನ್ನು ಹೊಗಳುತ್ತದೆ, ಬಣ್ಣವನ್ನು ಹೊಗಳುತ್ತದೆ, ದನಿಯೊಂದು ಚೆನ್ನಾಗಿದ್ದರೆ ಪಕ್ಷಿಗಳಿಗೆಲ್ಲ ನೀನೇ ಅರಸು ಎನ್ನುತ್ತದೆ. ಕಾಗೆ ಬಾಯಿ ತೆರೆಯುತ್ತದೆ, ತುಂಡು ಕೆಳಗೆ ಬೀಳುತ್ತದೆ. ಗ್ರೀಕ್ ಗದ್ಯಪಾಠದಲ್ಲಿ ಆ ತುಂಡು ಮಾಂಸ. ಪದ್ಯದಲ್ಲಿ ಬರೆದ ಫೀಡ್ರಸ್ ಮತ್ತು ಬೇಬ್ರಿಯಸ್‌ರಲ್ಲಿ ಅದು ಚೀಸ್. ನಾನು ಚಿಕ್ಕಂದಿನಲ್ಲಿ ಕೇಳಿದಾಗ ರೊಟ್ಟಿ. ತುಂಡು ಬದಲಾದರೂ ಕತೆ ಬದಲಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ಅರಸೀಕೆರೆಯ ಕಡೆ ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಈ ಕತೆಯನ್ನು ಹೇಳಿ, ಹೊಗಳಿಕೆಗೆ ಉಬ್ಬಬಾರದು ಮಕ್ಕಳೇ ಎಂದು ಮುಗಿಸಿದ್ದೆ. ಮೂರನೆಯ ಸಾಲಿನಲ್ಲಿದ್ದ ಒಬ್ಬ ಹುಡುಗ ಎದ್ದು ನಿಂತು, "ಸ್ವಾಮಿ, ನರಿಗೆ ಏನು ಶಿಕ್ಷೆಯಾಯಿತು?" ಎಂದು ಕೇಳಿದ. ಏನೂ ಆಗಲಿಲ್ಲ ಎಂದೆ. "ಹಾಗಾದರೆ ನರಿಯೇ ಜಾಣ" ಎಂದು ಅವನು ಕುಳಿತುಕೊಂಡ. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಆ ಹುಡುಗನ ಆಕ್ಷೇಪಣೆಗೆ ದೊಡ್ಡ ಪೂರ್ವಜರಿದ್ದಾರೆ. ಜಿನೀವಾ ಮೂಲದ ರೂಸೋ 1762ರಲ್ಲಿ ಪ್ರಕಟಿಸಿದ 'ಎಮಿಲ್' ಗ್ರಂಥದಲ್ಲಿ ಇದೇ ಕತೆಯನ್ನು, ಕವಿ ಲಾ ಫೊಂಟೇನ್ ಬರೆದ ರೂಪದಲ್ಲಿ, ಸಾಲು ಸಾಲಾಗಿ ಬಿಡಿಸಿ ಪರೀಕ್ಷಿಸುತ್ತಾನೆ. ಮಕ್ಕಳು ಕಾಗೆಯನ್ನು ನೋಡಿ ನಗುತ್ತಾರೆ, ಆದರೆ ಮನಸ್ಸು ಕೊಡುವುದು ನರಿಗೆ ಎಂಬುದು ಅವನ ತಕರಾರು. ಧರ್ಮಸಭೆಗೂ ರೂಸೋಗೂ ಅಷ್ಟಾಗಿ ಹೊಂದಿಕೆಯಿರಲಿಲ್ಲ. ಆದರೂ ಈ ವಿಷಯದಲ್ಲಿ ಅವನು ಮಕ್ಕಳನ್ನು ಚೆನ್ನಾಗಿ ಬಲ್ಲವನೆಂದೇ ನನಗೆ ತೋರುತ್ತದೆ.

ಹಾಗೆಂದು ಈಸೋಪನನ್ನು ಬದಿಗಿಡಬೇಕೇ? ಅದಕ್ಕೆ ಮೊದಲು ಆತ ಯಾರೆಂದು ನೆನೆಯುವುದು ಒಳ್ಳೆಯದು. ಇತಿಹಾಸಕಾರ ಹೆರೊಡೋಟಸ್ ಹೇಳುವಂತೆ ಈಸೋಪನು ಸಾಮೋಸ್ ದ್ವೀಪದಲ್ಲಿ ಇಯಾಡ್ಮೋನ್ ಎಂಬವನ ದಾಸನಾಗಿದ್ದವನು. ಅವನ ಕತೆಗಳನ್ನು ಲತೀನಿಗೆ ತಂದ ಫೀಡ್ರಸ್ ಕೂಡ ದಾಸ್ಯದಿಂದ ಬಿಡುಗಡೆ ಹೊಂದಿದವನೇ. ಮನದ ಮಾತನ್ನು ಬಾಯಿಬಿಟ್ಟು ಆಡಲು ಹೆದರಿದ ದಾಸರು ಪ್ರಾಣಿಗಳ ಮರೆಯಲ್ಲಿ ನಿಂತು ಮಾತನಾಡಿದರು, ಪ್ರಾಣಿಕತೆ ಹುಟ್ಟಿದ್ದೇ ಹಾಗೆ ಎಂಬುದು ಫೀಡ್ರಸನ ಅಭಿಪ್ರಾಯ. ಈ ಬೆಳಕಿನಲ್ಲಿ ಓದಿದರೆ ಕತೆಗಳ ಮುಖವೇ ಬೇರೆಯಾಗುತ್ತದೆ. ಕಾಯಿಲೆಯ ನೆಪ ಮಾಡಿ ಗುಹೆಯಲ್ಲಿ ಮಲಗಿದ ಸಿಂಹವನ್ನು ನೋಡಲು ಪ್ರಾಣಿಗಳೆಲ್ಲ ಒಂದೊಂದಾಗಿ ಒಳಗೆ ಹೋಗುತ್ತವೆ. ನರಿ ಮಾತ್ರ ಹೊರಗೇ ನಿಲ್ಲುತ್ತದೆ. ಒಳಗೆ ಹೋದ ಹೆಜ್ಜೆಗಳು ಕಾಣುತ್ತವೆ, ಹೊರಗೆ ಬಂದ ಹೆಜ್ಜೆ ಒಂದೂ ಕಾಣುತ್ತಿಲ್ಲ ಎನ್ನುತ್ತದೆ. ಕಾಗೆಯನ್ನು ವಂಚಿಸಿದ ನರಿಯೇ ಇಲ್ಲಿ ವಂಚನೆಯನ್ನು ಓದಬಲ್ಲ ಬಡವ. ಯಜಮಾನರ ಸವಿಮಾತಿನ ಬೆಲೆ ಎಷ್ಟೆಂದು ದಾಸನಿಗೆ ಗೊತ್ತಿತ್ತು. ಕತೆಗಳ ಕೊನೆಗೆ ನಾವು ಓದುವ ನೀತಿವಾಕ್ಯಗಳಾದರೋ ಬಹುಪಾಲು ನಂತರದ ಸಂಗ್ರಹಕಾರರು ಅಂಟಿಸಿದವು, ಎಷ್ಟೋ ಕಡೆ ಸರಿಯಾಗಿ ಅಂಟಿಕೊಂಡೂ ಇಲ್ಲ. 1593ರಲ್ಲಿ ನಮ್ಮ ಯೇಸುಸಭೆಯ ಗುರುಗಳು ಜಪಾನಿನ ಅಮಕುಸದಲ್ಲಿ ಈಸೋಪನನ್ನು ಜಪಾನೀ ಭಾಷೆಯಲ್ಲಿ ಅಚ್ಚು ಹಾಕಿದ್ದರು ಎಂಬುದನ್ನು ಇಲ್ಲಿ ನೆನೆದು ಮುಂದೆ ಹೋಗೋಣ.

ಕಾಗೆ ನರಿಯರ ಜೋಡಿ ನಮ್ಮ ದೇಶದಲ್ಲೂ ಇದೆ. ಬೌದ್ಧರ ಜಾತಕ ಕತೆಗಳಲ್ಲಿ ಒಂದು ಕಾಗೆ ನೇರಳೆ ಮರದಲ್ಲಿ ಕುಳಿತು ಹಣ್ಣು ತಿನ್ನುತ್ತಿರುತ್ತದೆ. ಕೆಳಗೆ ಬಂದ ನರಿ ಅದರ ಕಂಠವನ್ನು ಹೊಗಳುತ್ತದೆ. ಈ ಕಾಗೆ ಗ್ರೀಕ್ ಕಾಗೆಯಂತೆ ಬಾಯಿ ಬಿಟ್ಟು ಕಳೆದುಕೊಳ್ಳುವುದಿಲ್ಲ. ಕುಲೀನರನ್ನು ಕುಲೀನರೇ ಬಲ್ಲರು ಎಂಬ ಧಾಟಿಯಲ್ಲಿ ನರಿಯನ್ನೇ ಮರಳಿ ಹೊಗಳಿ, ಕೊಂಬೆ ಅಲುಗಿಸಿ ಹಣ್ಣು ಉದುರಿಸಿಕೊಡುತ್ತದೆ. ಯಾರೂ ಯಾರನ್ನೂ ವಂಚಿಸಲಿಲ್ಲ; ಇಬ್ಬರಿಗೂ ತೃಪ್ತಿ. ಆಗ ಆ ಮರದ ದೇವತೆ ಭಯಂಕರ ರೂಪ ತಾಳಿ ಇಬ್ಬರನ್ನೂ ಓಡಿಸುತ್ತದೆ. ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ ಎನಿಸುತ್ತದೆ. ಕಲೆಯಾಗಿ ಗ್ರೀಕ್ ಕತೆ ಹರಿತ, ಅದನ್ನು ಒಪ್ಪುತ್ತೇನೆ. ಆದರೆ ನಮ್ಮ ಬದುಕಿಗೆ ಹೆಚ್ಚು ಹತ್ತಿರವಿರುವುದು ಜಾತಕದ್ದು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿಗಳ ನಮ್ಮ ಸನ್ಮಾನ ಸಮಾರಂಭಗಳನ್ನು ನೋಡಿರಿ. ವೇದಿಕೆಯ ಮೇಲಿದ್ದವರು ಪರಸ್ಪರ ಹೊಗಳಿಕೊಂಡು ನೇರಳೆ ಹಣ್ಣು ಹಂಚಿಕೊಳ್ಳುತ್ತಾರೆ. ಧರ್ಮಕೇಂದ್ರದ ಪಾಲಕರ ಹಬ್ಬವೂ ಇದಕ್ಕೆ ಹೊರತಲ್ಲ, ಗುರುಗಳಾದ ನಾವೂ ಹೊರತಲ್ಲ. ಬಸವಣ್ಣನವರು ಹೊಗಳಿಕೆಯನ್ನು ಹೊನ್ನಿನ ಶೂಲಕ್ಕೆ ಹೋಲಿಸಿದ್ದು ಸುಮ್ಮನೆ ಅಲ್ಲ.

ನಾನು ಹೊಸದಾಗಿ ಗುರುದೀಕ್ಷೆ ಪಡೆದ ದಿನಗಳಲ್ಲಿ ಒಬ್ಬರು ಪ್ರತಿ ಭಾನುವಾರ ಬಲಿಪೂಜೆಯ ನಂತರ ಬಂದು ನನ್ನ ಪ್ರಬೋಧನೆಯನ್ನು ಮೆಚ್ಚಿ ಮಾತನಾಡುತ್ತಿದ್ದರು. ಆರು ತಿಂಗಳಾದ ಮೇಲೆ ಅವರು ಒಂದು ಶಿಫಾರಸು ಪತ್ರ ಕೇಳಿದರು. ವಿಚಾರಿಸದೆ ಸಹಿ ಹಾಕಿದೆ. ಆ ಪತ್ರದಿಂದ ಮತ್ತೊಂದು ಕುಟುಂಬಕ್ಕೆ ತೊಂದರೆಯಾಯಿತು. ಅವರು ಸುಳ್ಳು ಹೇಳಿದ್ದು ನಿಜ; ಆದರೆ ಬಾಯಿ ತೆರೆದ ಕಾಗೆ ನಾನೇ.

ಬೇಲೂರಿನ ಚೆನ್ನಕೇಶವ ದೇವಾಲಯ 1117ರದು, ಹಳೇಬೀಡಿನ ಹೊಯ್ಸಳೇಶ್ವರ 1121ರ ಹೊತ್ತಿಗೆ ಆರಂಭವಾದದ್ದು, ಅರಸೀಕೆರೆಯ ಈಶ್ವರ ದೇವಾಲಯ 1220ರ ಸುಮಾರಿನದು. ಹಳೇಬೀಡಿನ ಗೋಡೆಯ ತಳಭಾಗದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ಪುರಾಣದ ಪ್ರಸಂಗಗಳು, ಮಕರ, ಹಂಸ. ಪ್ರಾಣಿಗಳ ಮೇಲೆಯೇ ಅರಮನೆಯ ಲೋಕವನ್ನು ನಿಲ್ಲಿಸಿದಂತೆ ಕಾಣುತ್ತದೆ. ಆ ಕಾಲದ ಶಾಸನಗಳನ್ನು ಓದಿದವರಿಗೆ ಇನ್ನೊಂದು ಸಾಲೂ ಕಾಣುತ್ತದೆ: ಬಿರುದುಗಳ ಸಾಲು. ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದದ್ದು ಚರಿತ್ರೆ. 'ತಲಕಾಡುಗೊಂಡ' ಎಂಬುದು ಅವನು ದುಡಿದು ಪಡೆದ ಬಿರುದು. ಅದೇ ಬಿರುದು ಮುಂದಿನ ಅರಸರ ಹೆಸರಿಗೂ ಅಂಟಿಕೊಂಡು ಬಂದಾಗ ಅದು ಚರಿತ್ರೆಯೋ ಉಪಚಾರವೋ ಎಂದು ಕೇಳಬೇಕಾಗುತ್ತದೆ.

ಇಂತಹ ಆಸ್ಥಾನವೊಂದರ ಒಳಗಿನಿಂದಲೇ ಕನ್ನಡದ ಪಂಚತಂತ್ರ ಬಂತು. ಬೇಲೂರಿನ ದೇವಾಲಯಕ್ಕಿಂತ ಸುಮಾರು 86 ವರ್ಷ ಮುಂಚೆ, 1031ರಲ್ಲಿ, ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಅದನ್ನು ರಚಿಸಿದನು. ನಮಗೆ ಹೆಚ್ಚು ಪರಿಚಿತವಾದ ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗನ ಪಾಠವನ್ನು ಆತ ಅನುಸರಿಸಿದ್ದಾನೆ. ಸಂಧಿ ಮತ್ತು ಯುದ್ಧದ ವ್ಯವಹಾರ ನೋಡುವ ಅಧಿಕಾರಿ ಪ್ರಾಣಿಕತೆ ಬರೆದ ಎಂಬುದೇ ಸ್ವಾರಸ್ಯ. ಈಸೋಪ ಅರಸನನ್ನು ಕೆಳಗಿನಿಂದ ಕಂಡ. ದುರ್ಗಸಿಂಹ ಪಕ್ಕದಿಂದ ಕಂಡ.

ಪಂಚತಂತ್ರದ ಮೊದಲ ಕತೆಯಲ್ಲಿ ಪಿಂಗಳಕ ಎಂಬ ಸಿಂಹ, ಸಂಜೀವಕ ಎಂಬ ಎತ್ತು, ಕರಟಕ ದಮನಕರೆಂಬ ನರಿಗಳು. ಎತ್ತಿನ ಗುಟುರಿಗೆ ಸಿಂಹ ಹೆದರಿದೆ ಎಂದು ಅರಿತ ದಮನಕ ಮೊದಲು ಅವೆರಡಕ್ಕೂ ಸ್ನೇಹ ಮಾಡಿಸುತ್ತಾನೆ. ಸ್ನೇಹ ಗಟ್ಟಿಯಾಗಿ ತನಗೆ ಬೆಲೆ ಇಲ್ಲವಾದಾಗ ಇವನ ಮೇಲೆ ಅವನಿಗೆ, ಅವನ ಮೇಲೆ ಇವನಿಗೆ ಚಾಡಿ ಹೇಳುತ್ತಾನೆ. ನಿರಪರಾಧಿ ಎತ್ತು ಸಾಯುತ್ತದೆ. ಗಮನಿಸಿರಿ: ಈ ಕೆಲಸಕ್ಕೆ ಅವನು ಬಳಸುವ ಆಯುಧ ಕತೆ. ಪ್ರತಿ ಹೆಜ್ಜೆಗೂ ಒಂದು ಉಪಕತೆ ಹೇಳಿ, ಅದರ ನೀತಿಯಿಂದಲೇ ಸಿಂಹದ ವಿವೇಕವನ್ನು ಕಟ್ಟಿಹಾಕುತ್ತಾನೆ. ಕಾಡಿನ ಅತ್ಯಂತ ಒಳ್ಳೆಯ ಕತೆಗಾರ ಅತ್ಯಂತ ದುಷ್ಟನೂ ಹೌದು. ಇದು ಕೃತಿಯ ದೋಷವೆಂದು ನಾನು ಬಹುಕಾಲ ಎಣಿಸಿದ್ದೆ. ಈಗ ಅದರ ಅತ್ಯಂತ ಪ್ರಾಮಾಣಿಕ ಭಾಗ ಇದೇ ಎನಿಸುತ್ತದೆ. 'ಕರಟಕ ದಮನಕ' ಎಂಬುದು ನಮ್ಮ ಆಡುಮಾತಿನಲ್ಲಿ ನಿಂತುಹೋಗಿದೆ, 2024ರಲ್ಲಿ ಆ ಹೆಸರಿನ ಚಲನಚಿತ್ರವೂ ಬಂತು. ಪಿಂಗಳಕನ ಹೆಸರು ಎಷ್ಟು ಜನರಿಗೆ ನೆನಪಿದೆ? ಕಿವಿಗೊಟ್ಟವನನ್ನು ನಾವು ಮರೆತೆವು.

ಪ್ರಸಿದ್ಧ ಸಂಸ್ಕೃತ ಪಾಠಗಳಲ್ಲಿ ದಮನಕನಿಗೆ ಶಿಕ್ಷೆಯಿಲ್ಲ. ಕತೆ ಪಶ್ಚಿಮಕ್ಕೆ ಹೋಯಿತು. ಆರನೆಯ ಶತಮಾನದಲ್ಲಿ ಬೂದ್ ಎಂಬ ಕ್ರೈಸ್ತನು ಅದನ್ನು ಸಿರಿಯಾಕ್ ಭಾಷೆಗೆ ತಂದ. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾ ಅರಬ್ಬಿಗೆ ತಂದಾಗ ಮಾತ್ರ ನರಿಯ ವಿಚಾರಣೆ ನಡೆಯುವ ಒಂದು ಹೊಸ ಅಧ್ಯಾಯ ಸೇರಿತು. ಅಲ್ಲಿ ಅವನು ತಪ್ಪಿತಸ್ಥನೆಂದು ತೀರ್ಮಾನವಾಗಿ ಸಾಯುತ್ತಾನೆ. ಅರಸೀಕೆರೆಯ ಹುಡುಗನ ಪ್ರಶ್ನೆಯನ್ನು ಬಾಗ್ದಾದಿನ ಓದುಗರೂ ಕೇಳಿರಬೇಕು!

ಇನ್ನು ನಮ್ಮ ಮನೆಯ ಮಾತು. ಹಾಸನದ ಸೀಮೆಯ ಕ್ರೈಸ್ತ ಕುಟುಂಬಗಳಿಗೆ ಅಬ್ಬೆ ದ್ಯುಬುವಾ ಅವರ ಹೆಸರು ಅಪರಿಚಿತವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿದ್ದ ವಿಶ್ವಾಸಿಗಳನ್ನು ಒಟ್ಟುಗೂಡಿಸಿದವರು, ಹಾಸನದ ಬಳಿಯ ಸಾತಹಳ್ಳಿಯಲ್ಲಿ ಅವರಿಗೆ ಬೇಸಾಯದ ನೆಲೆ ಮಾಡಿಕೊಟ್ಟವರು, ಸಿಡುಬಿನ ಲಸಿಕೆಯನ್ನು ಹರಡಿದವರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದರು. 1823ರಲ್ಲಿ ಫ್ರಾನ್ಸಿಗೆ ಮರಳಿದ ಅವರು 1826ರಲ್ಲಿ ಪ್ಯಾರಿಸ್ಸಿನಲ್ಲಿ ಪಂಚತಂತ್ರವನ್ನು ಫ್ರೆಂಚಿನಲ್ಲಿ ಪ್ರಕಟಿಸಿದರು. ತಮಿಳು, ತೆಲುಗು, ಕನ್ನಡದ ಪ್ರತಿಗಳಿಂದ ಆಯ್ದ ಕತೆಗಳವು. 'ಪಂಚತಂತ್ರ' ಎಂಬುದಕ್ಕೆ ಅವರು ಕೊಟ್ಟ ಅರ್ಥ 'ಐದು ಕುಯುಕ್ತಿಗಳು'. ಇಲ್ಲಿ ನಾನು ದೊಡ್ಡಸ್ವಾಮಿಯವರೊಡನೆ ಒಪ್ಪಲಾರೆ. ತಂತ್ರವೆಂದರೆ ಉಪಾಯವೂ ಹೌದು, ಶಾಸ್ತ್ರವೂ ಹೌದು, ಗ್ರಂಥಭಾಗವೂ ಹೌದು. ಎರಡನೆಯ ತಂತ್ರದಲ್ಲಿ ಕಾಗೆ, ಇಲಿ, ಆಮೆ, ಜಿಂಕೆ ಪರಸ್ಪರರಿಗಾಗಿ ಪ್ರಾಣವನ್ನೇ ಪಣಕ್ಕಿಡುತ್ತವೆ. ಅದನ್ನು ಕುಯುಕ್ತಿ ಎಂದು ಕರೆಯುವುದು ಅನ್ಯಾಯ.

ಅವರ ಬಗ್ಗೆ ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹಿಂದೂಗಳ ಆಚಾರ ವ್ಯವಹಾರಗಳ ಕುರಿತ ಅವರ ಹಸ್ತಪ್ರತಿಯನ್ನು ಮದರಾಸಿನ ಕಂಪನಿ ಸರ್ಕಾರ 2000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಬಂದು ಜಗತ್ಪ್ರಸಿದ್ಧವಾಯಿತು. ಅದರ ಬಹುಭಾಗ ಹಿಂದಿನ ಶತಮಾನದ ಯೇಸುಸಭೆಯ ಗುರು ಕೂರ್ದು ಅವರ ಬರಹದಿಂದ ಬಂದದ್ದೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಎರವಲು ಗರಿ ಸಿಕ್ಕಿಸಿಕೊಂಡ ಹಕ್ಕಿಯ ಕತೆಯೂ ಈಸೋಪನಲ್ಲಿದೆ. ಸಾತಹಳ್ಳಿಯ ಬಡವರಿಗೆ ಅವರು ಮಾಡಿದ ಉಪಕಾರ ಇದರಿಂದ ಕಿರಿದಾಗುವುದಿಲ್ಲ. ಆದರೆ ನಮ್ಮ ಹಿರಿಯರ ಬಗ್ಗೆ ಬರೆಯುವಾಗ ಹೊಗಳಿಕೆಯನ್ನಷ್ಟೇ ಬರೆದರೆ ನಾವೂ ಬಿರುದಾವಳಿಯನ್ನೇ ಬರೆದಂತೆ.

ಕತೆಯೇ ವಂಚಕನ ಆಯುಧವಾಗುವುದಾದರೆ ನಾವು ಮಕ್ಕಳಿಗೆ ಕತೆ ಹೇಳುವುದೇಕೆ ಎಂದು ನೀವು ಕೇಳಬಹುದು. ಸಂತ ಅಗುಸ್ತೀನರು ಸುಳ್ಳಿನ ವಿರುದ್ಧ ಬರೆದ ಗ್ರಂಥದಲ್ಲಿ ಈಸೋಪನ ಕತೆಗಳನ್ನು ಸುಳ್ಳೆಂದು ಎಣಿಸಲಿಲ್ಲ. ಮಾತನಾಡುವ ಪ್ರಾಣಿ ಕಲ್ಪಿತವಾದರೂ ಅದು ಸೂಚಿಸುವ ಅರ್ಥ ಸತ್ಯವಾಗಿರಬಲ್ಲದು ಎಂದರು. ಅದಕ್ಕೆ ಅವರು ಪವಿತ್ರ ಗ್ರಂಥದಿಂದಲೇ ಕೊಟ್ಟ ಸಾಕ್ಷಿ, ನ್ಯಾಯಸ್ಥಾಪಕರ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಅರಸನನ್ನು ಹುಡುಕಿಕೊಂಡು ಹೊರಟ ಮರಗಳ ಕತೆ. ನನಗಾದರೋ ಅದಕ್ಕಿಂತ ಪ್ರವಾದಿ ನಾತಾನನ ಕತೆ ಹೆಚ್ಚು ನೆನಪಾಗುತ್ತದೆ. ಬಡವನ ಒಂದೇ ಒಂದು ಕುರಿಮರಿಯನ್ನು ಶ್ರೀಮಂತ ಕಸಿದುಕೊಂಡ ಕತೆಯನ್ನು ಅವನು ದಾವೀದನಿಗೆ ಹೇಳಿದ. ಅದೂ ಆಸ್ಥಾನ, ಅಲ್ಲೂ ಅರಸನ ಕಿವಿಗೆ ಒಂದು ಪ್ರಾಣಿಯ ಕತೆ. ದಮನಕನಿಗೂ ನಾತಾನನಿಗೂ ವಿದ್ಯೆ ಒಂದೇ. ದಮನಕ ಅರಸನಿಗೆ ಇನ್ನೊಬ್ಬನ ತಪ್ಪನ್ನು ತೋರಿಸಿದ. ನಾತಾನ ಅರಸನಿಗೆ ಅರಸನನ್ನೇ ತೋರಿಸಿದ. ದಮನಕನಿಗೆ ಪದವಿ ಸಿಗುವುದಿತ್ತು. ನಾತಾನನಿಗೆ ತಲೆ ಹೋಗುವ ಸಂಭವವಿತ್ತು. ಹೆರೋದನನ್ನು ನಮ್ಮ ಪ್ರಭು ನರಿ ಎಂದು ಕರೆದದ್ದನ್ನು ಸಂತ ಲೂಕರು ದಾಖಲಿಸಿದ್ದಾರೆ. ಅದೂ ಜೆರುಸಲೇಮಿನ ಮರಣದ ದಾರಿಯಲ್ಲಿ ಆಡಿದ ಮಾತು.

ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗುವವರಿಗೆ ಒಂದು ಕೋರಿಕೆ. ಆನೆಗಳ ಸಾಲನ್ನು ನೋಡಿದ ಮೇಲೆ ದೇವಾಲಯದ ಬಳಿಯ ಗರುಡಗಂಬವನ್ನೂ ತೋರಿಸಿರಿ. ಎರಡನೆಯ ವೀರಬಲ್ಲಾಳನ ನಿಷ್ಠ ಅಂಗರಕ್ಷಕನಾದ ಕುವರ ಲಕ್ಷ್ಮನು ಒಡೆಯನ ಮರಣದ ನಂತರ ತನ್ನವರೊಡನೆ ಪ್ರಾಣ ಕೊಟ್ಟದ್ದಕ್ಕೆ ಅದು ಸ್ಮಾರಕ. ಕತ್ತಿಯಿಂದ ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುವ ವೀರರನ್ನು ಅದರ ಮೇಲೆ ಕೆತ್ತಿದ್ದಾರೆ. ಪ್ರಾಣ ದೇವರದು, ಹಾಗೆ ಸಾಯುವುದನ್ನು ಧರ್ಮಸಭೆ ಒಪ್ಪುವುದಿಲ್ಲ, ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿರಿ. ಆಮೇಲೆ ಅಲ್ಲಿಯೇ ನೆರಳಿನಲ್ಲಿ ಕುಳಿತು ಪಿಂಗಳಕನ ಕತೆಯನ್ನು ಹೇಳಿರಿ. ನೀತಿವಾಕ್ಯವನ್ನು ನೀವು ಹೇಳಬೇಡಿರಿ. ದಮನಕನ ಮಾತನ್ನು ಸಿಂಹ ಯಾಕೆ ನಂಬಿತು ಎಂದಷ್ಟೇ ಕೇಳಿ, ಮಕ್ಕಳು ಉತ್ತರಿಸುವವರೆಗೆ ಕಾಯಿರಿ.